ನಡುವಿನ ಇಪ್ಪತ್ತು ಚುಕ್ಕಿ

ಕನಸಿನಲ್ಲಿ ಹಾವು ಕಂಡರೆ ಒಂದು ಫಲ, ಹಲ್ಲು ಬಿದ್ದರೆ ಇನ್ನೊಂದು ಫಲ ಎಂದು ಹಿರಿಯರು ಹೇಳುವುದುಂಟು. ಗಣಿತದ ಪರೀಕ್ಷೆ ಕಂಡರೆ ಏನು ಫಲ ಎಂದು ಮಾತ್ರ ಯಾರೂ ಹೇಳಿಲ್ಲ. ನನಗೆ ಹಾವೂ ಬರುವುದಿಲ್ಲ, ಹಲ್ಲೂ ಬೀಳುವುದಿಲ್ಲ. ವರ್ಷಕ್ಕೆ ಎರಡು ಮೂರು ಸಲ ತಪ್ಪದೆ ಬರುವುದು ಆ ಪರೀಕ್ಷೆಯೇ. ಗಂಟೆ ಬಾರಿಸಿಬಿಟ್ಟಿರುತ್ತದೆ, ನನ್ನ ಕೈಯಲ್ಲಿ ಪೆನ್ನಿರುವುದಿಲ್ಲ, ಎದುರಿನ ಹಾಳೆಯಲ್ಲಿ ಒಂದರ ಪಕ್ಕ ಒಂದು ಎರಡು ಖಾಲಿ ಬ್ರಾಕೆಟ್ಟುಗಳು ಬಾಯಿ ತೆರೆದುಕೊಂಡು ಕೂತಿರುತ್ತವೆ. ಬೆವರಿ ಎದ್ದು ಕೂತರೆ ಪಕ್ಕದಲ್ಲಿ ನಮ್ಮವರು, “ಏನೇ, ಮತ್ತೆ ಪರೀಕ್ಷೆಯಾ?” ಎಂದು ಕೇಳಿ ಮಗ್ಗುಲು ಬದಲಾಯಿಸುತ್ತಾರೆ. ಅರವತ್ತು ದಾಟುತ್ತಿರುವ ಹೆಂಗಸಿಗೆ ಎಂಥ ಪರೀಕ್ಷೆ ಎಂದು ನೀವು ನಗಬಹುದು. ನಗಿ. ಆದರೆ ಆ ಖಾಲಿ ಬ್ರಾಕೆಟ್ಟುಗಳ ಕಥೆ ಕೇಳಿದ ಮೇಲೆ ನಗಿ.

ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತದ್ದು 1981ರಲ್ಲಿ, ಅರಸೀಕೆರೆ ಕಡೆಯ ಒಂದು ಊರಿನಲ್ಲಿ. ನಮ್ಮದು ಕನ್ನಡ ಮಾಧ್ಯಮ. ಆದರೂ ಬೀಜಗಣಿತದ ಸೂತ್ರಗಳನ್ನು ಮಾತ್ರ ನಮ್ಮ ಮೇಷ್ಟ್ರು ಇಂಗ್ಲಿಷಿನಲ್ಲೇ ಹೇಳಿಸುತ್ತಿದ್ದರು. “ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಈಸ್ ಈಕ್ವಲ್ ಟು...” ಎಂದು ಅವರು ಎಳೆದರೆ ಸಾಕು, ನಲವತ್ತು ಜನ ಒಂದೇ ರಾಗದಲ್ಲಿ, “ಎ ಸ್ಕ್ವೇರ್ ಪ್ಲಸ್ ಟೂ ಎಬಿ ಪ್ಲಸ್ ಬಿ ಸ್ಕ್ವೇರ್” ಎಂದು ಮುಗಿಸುತ್ತಿದ್ದೆವು. ರಾಮನವಮಿಯ ಭಜನೆಗೂ ಇದಕ್ಕೂ ನನ್ನ ಕಿವಿಗೆ ಹೆಚ್ಚು ವ್ಯತ್ಯಾಸವಿರಲಿಲ್ಲ. ಎರಡರ ಅರ್ಥವೂ ತಿಳಿಯುತ್ತಿರಲಿಲ್ಲ, ಎರಡನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ. ಭಜನೆಯಾದರೆ ಕೊನೆಗೆ ಪಾನಕ, ಕೋಸಂಬರಿ ಸಿಗುತ್ತಿತ್ತು.

ಒಂದು ದಿನ ಧೈರ್ಯ ಮಾಡಿ ಎದ್ದು ನಿಂತು ಕೇಳಿದೆ. “ಸಾರ್, ಎ ಸ್ಕ್ವೇರು ಎ ಇಂದ ಬಂತು, ಬಿ ಸ್ಕ್ವೇರು ಬಿ ಇಂದ ಬಂತು. ಮಧ್ಯದ ಟೂ ಎಬಿ ಎಲ್ಲಿಂದ ಬಂತು?”

ಮೇಷ್ಟ್ರು ಬೋರ್ಡಿನಿಂದ ತಿರುಗಿ ನೋಡಿದರು. “ಬಂತು ಅಂದ್ರೆ ಬಂತು. ನಿನ್ ತಲೇಲಿ ಬರದಿದ್ರೂ ಪೇಪರಿನಲ್ಲಿ ಬಂದ್ರೆ ಸಾಕು, ಕೂತ್ಕೋ.” ಇಡೀ ತರಗತಿ ನಕ್ಕಿತು. ನಾನು ಕೂತೆ. ಆಮೇಲೆ ಶಾಲೆ ಬಿಡುವವರೆಗೂ ಎದ್ದು ನಿಂತು ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಪರೀಕ್ಷೆಯಲ್ಲಿ “ಅಪವರ್ತಿಸಿ: ಎಕ್ಸ್² + 7ಎಕ್ಸ್ + 12” ಎಂದು ಬಂದಿತ್ತು. ಉತ್ತರ ಎರಡು ಬ್ರಾಕೆಟ್ಟುಗಳಲ್ಲಿ ಇರಬೇಕು ಎಂಬುದಷ್ಟು ನೆನಪಿತ್ತು. ಎರಡು ಬ್ರಾಕೆಟ್ಟು ಹಾಕಿದೆ. ಒಳಗೆ ಏನು ಬರೆಯಬೇಕೋ ತೋಚಲಿಲ್ಲ. ತಪ್ಪು ಬರೆದರೆ ನಗುತ್ತಾರೆಂಬ ಹೆದರಿಕೆ ಪರೀಕ್ಷೆಯ ಕೋಣೆಯಲ್ಲೂ ನನ್ನನ್ನು ಬಿಟ್ಟಿರಲಿಲ್ಲವೆಂದು ಕಾಣುತ್ತದೆ. ಹಾಗೇ ಖಾಲಿ ಬಿಟ್ಟು ಬಂದೆ.

ಗಣಿತಕ್ಕೆ 31 ಬಂತು. ಪಾಸಾಗಲು ಆಗ 35 ಬೇಕಿತ್ತು. ಉಳಿದೆಲ್ಲದರಲ್ಲೂ ಪಾಸು. ಅಣ್ಣ ಅಂಕಪಟ್ಟಿ ತಂದವನೇ ಕೆಂಪು ಪೆನ್ನಿನಲ್ಲಿ ಆ 31ಕ್ಕೆ ಒಂದು ಸುತ್ತು ಹಾಕಿ ಅಪ್ಪನ ಕೈಗೆ ಕೊಟ್ಟ. ಮತ್ತೆ ಕಟ್ಟಿ ಬರೆಯುತ್ತೇನೆ ಎಂದೆ. “ಹೆಣ್ಣುಹುಡುಗಿಗೆ ಇಷ್ಟು ಸಾಕು” ಎಂದರು ಅಪ್ಪ. ಎರಡು ವರ್ಷಕ್ಕೆ ಗಂಡು ಗೊತ್ತಾಯಿತು. ಹುಡುಗಿ ಏನು ಓದಿದ್ದಾಳೆ ಎಂದು ಅವರ ಕಡೆಯವರು ಕೇಳಿದಾಗ ಅಪ್ಪ, “ಎಸ್ಸೆಸ್ಸೆಲ್ಸಿ ಆಗಿದೆ” ಎಂದರು. ಪಾಸಾಗಿದೆ ಎನ್ನಲಿಲ್ಲ, ಆಗಿದೆ ಎಂದರು. ನಮ್ಮ ಭಾಷೆಯಲ್ಲಿ ಈ “ಆಗಿದೆ” ಎಂಬ ಮಾತಿನ ಸೆರಗಿನಲ್ಲಿ ಎಷ್ಟು ಬೇಕಾದರೂ ಮುಚ್ಚಿಡಬಹುದು. ನಾನು ಅಂಕಪಟ್ಟಿಯನ್ನು ಮಡಿಸಿ ಟ್ರಂಕಿನ ತಳದಲ್ಲಿ, ಧಾರೆ ಸೀರೆಯ ಕೆಳಗೆ ಇಟ್ಟುಕೊಂಡು ಗಂಡನ ಮನೆಗೆ ಬಂದೆ.

ಹದಿನೈದು ವರ್ಷ ಅದು ಅಲ್ಲೇ ಇತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಮಗಳು ದೊಡ್ಡವಳಾಗುತ್ತ ಬಂದಹಾಗೆ ಗಣಿತದ ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಬರತೊಡಗಿದಳು. “ಅಮ್ಮ, ಇದು ಹೇಳಿಕೊಡು.” “ಒಲೆ ಮೇಲೆ ಹಾಲಿದೆ ಪುಟ್ಟಿ, ಅಪ್ಪ ಬಂದ ಮೇಲೆ ಕೇಳು.” ಹಾಲು ಇರದ ದಿನ ಒಗ್ಗರಣೆ ಇರುತ್ತಿತ್ತು, ಒಗ್ಗರಣೆ ಇರದ ದಿನ ತಲೆನೋವು. ಆ ವರ್ಷಗಳಲ್ಲಿ ನನಗೆ ಎಷ್ಟು ಸಲ ತಲೆನೋವು ಬಂತು ಎಂಬುದನ್ನು ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ.

1998ರ ಧನುರ್ಮಾಸ. ಪುಟ್ಟಿ ಎಂಟನೇ ತರಗತಿ. ನಮ್ಮತ್ತೆಯವರಿಗೆ ಆ ಒಂದು ತಿಂಗಳು ಅಂಗಳವೆಂದರೆ ಪ್ರಾಣ. ಬೆಳಗಿನ ಜಾವವೇ ಎದ್ದು ಸಗಣಿನೀರು ಚಿಮುಕಿಸಿ ದಿನಕ್ಕೊಂದು ರಂಗೋಲಿ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಕ್ಷರ ಬರುತ್ತಿರಲಿಲ್ಲ. ಅಂಕಿಗಳು ಗೊತ್ತಿದ್ದವು, ಮಗ್ಗಿ ಕಿವಿಯಿಂದ ಕೇಳಿಯೇ ಇಪ್ಪತ್ತರವರೆಗೆ ಬರುತ್ತಿತ್ತು. ಅಂದು ಏಳು ಚುಕ್ಕಿ ಏಳು ಸಾಲು ಇಟ್ಟು, ಗೆರೆ ಎಳೆಯುವ ಮುಂಚೆ ಸೊಂಟ ನೇರ ಮಾಡಿಕೊಳ್ಳುತ್ತ ನಿಂತಿದ್ದರು. ಪುಟ್ಟಿ ಜಗಲಿಯ ಮೇಲೆ ನೋಟ್‌ಬುಕ್ ಹಿಡಿದು ಅಳುಮುಖ ಮಾಡಿಕೊಂಡು ಕೂತಿದ್ದಳು. ಹಿಂದಿನ ದಿನ (ಎಕ್ಸ್ + 3)² ಎಂದರೆ ಎಕ್ಸ್² + 9 ಎಂದು ಬರೆದಿದ್ದಳಂತೆ. ಅವಳ ಟೀಚರು ಹಾಳೆಗೆ ಅಡ್ಡಗೆರೆ ಎಳೆದಿದ್ದರು.

“ಸರಿಯಾಗೇ ಇದೆಯಲ್ಲಮ್ಮ? ಎಕ್ಸ್‌ನ ವರ್ಗ ಎಕ್ಸ್ ಸ್ಕ್ವೇರು, ಮೂರರ ವರ್ಗ ಒಂಬತ್ತು. ಇನ್ನೇನು ಬೇಕಂತೆ?”

ಹದಿನೆಂಟು ವರ್ಷದ ಹಿಂದೆ ನಾನು ಕೇಳಿದ್ದ ಪ್ರಶ್ನೆಯೇ ಇನ್ನೊಂದು ವೇಷದಲ್ಲಿ ನನ್ನೆದುರು ಬಂದು ಕೂತಿತ್ತು. ಒಲೆಯ ಮೇಲೆ ಹಾಲಿದೆ ಎಂದು ಹೇಳುವಂತಿರಲಿಲ್ಲ, ಹಾಲಿನವನು ಇನ್ನೂ ಬಂದಿರಲಿಲ್ಲ. ಏನೋ ಹೇಳಬೇಕೆಂದು, “ಅಂಕಿ ಇಟ್ಟು ನೋಡೋಣ ತಾಳು” ಎಂದೆ. “ಎಕ್ಸ್ ಬೇಡ. ಐದು, ಎರಡು ಅಂತಿಟ್ಕೋ. ಐದರ ವರ್ಗ?”

“ಇಪ್ಪತ್ತೈದು.”

“ಎರಡರ ವರ್ಗ?”

“ನಾಲ್ಕು. ಒಟ್ಟು ಇಪ್ಪತ್ತೊಂಬತ್ತು.”

ಅಂಗಳದಿಂದ ಅತ್ತೆಯ ದನಿ ಬಂತು. “ಐದೂ ಎರಡೂ ಏಳು ತಾನೆ? ನಾನೂ ಏಳೇ ಇಟ್ಟಿರೋದು. ಏಳೇಳ್ಲ ನಲವತ್ತೊಂಬತ್ತು. ಉಳಿದ ಇಪ್ಪತ್ತು ಚುಕ್ಕೀನ ತಾಯಿ ಮಗಳು ಎಲ್ಲಿ ನುಂಗಿದ್ರಿ?”

ನಾವಿಬ್ಬರೂ ಇಳಿದು ಹೋಗಿ ರಂಗೋಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತೆವು. ಅತ್ತೆ ಬೈದರೆ ಬೈಯಲಿ ಎಂದು, ಐದು ಚುಕ್ಕಿ ಬಿಟ್ಟು ಮೇಲಿನಿಂದ ಕೆಳಗೆ ಒಂದು ಗೆರೆ ಎಳೆದೆ. ಐದು ಸಾಲು ಬಿಟ್ಟು ಎಡದಿಂದ ಬಲಕ್ಕೆ ಇನ್ನೊಂದು. ಅಂಗಳ ನಾಲ್ಕು ಭಾಗವಾಯಿತು. ಮೇಲಿನ ಮೂಲೆಯಲ್ಲಿ ಐದು ಐದರ ದೊಡ್ಡ ಚೌಕ, ಇಪ್ಪತ್ತೈದು ಚುಕ್ಕಿ. ಎದುರು ಮೂಲೆಯಲ್ಲಿ ಎರಡು ಎರಡರ ಪುಟ್ಟ ಚೌಕ, ನಾಲ್ಕು ಚುಕ್ಕಿ. ನಾವು ಲೆಕ್ಕ ಹಾಕಿದ್ದು ಇವೆರಡನ್ನೇ. ಇವೆರಡರ ನಡುವೆ, ಒಂದು ಪಕ್ಕದಲ್ಲಿ ಐದು ಎರಡರ ಒಂದು ಪಟ್ಟಿ, ಕೆಳಗೆ ಐದು ಎರಡರ ಇನ್ನೊಂದು ಪಟ್ಟಿ. ಹತ್ತು, ಹತ್ತು. ಇಪ್ಪತ್ತು ಚುಕ್ಕಿ!

ಟೂ ಎಬಿ. ಎರಡು ಸಲ ಎ, ಬಿ. ಎರಡು ಪಟ್ಟಿ ಇರುವುದರಿಂದ ಎರಡು. ಒಂದೊಂದು ಪಟ್ಟಿಯ ಒಂದು ಮಗ್ಗುಲು ಎ, ಇನ್ನೊಂದು ಮಗ್ಗುಲು ಬಿ. ಇಷ್ಟೇ! ಇಷ್ಟನ್ನು ಹೇಳಲು ಮೇಷ್ಟ್ರಿಗೆ ಎಷ್ಟು ಹೊತ್ತು ಬೇಕಿತ್ತು? ಬೋರ್ಡಿನ ಮೇಲೆ ಎರಡು ಗೆರೆ. ಆ ಚಳಿಯಲ್ಲಿ, ಮೂವತ್ಮೂರು ವರ್ಷದ ನಾನು ಅಂಗಳದಲ್ಲಿ ಕೂತು ಅತ್ತುಬಿಟ್ಟೆ. ಅತ್ತೆ, “ರಂಗೋಲಿ ಪುಡಿ ಕಣ್ಣಿಗೆ ಹೋಯ್ತೇನೇ?” ಎಂದರು. ಹೂಂ ಎಂದೆ.

ಅಂದಿನಿಂದ ಮಧ್ಯಾಹ್ನ ಎಲ್ಲರ ಊಟ ಮುಗಿದು ಪಾತ್ರೆ ಬೋರಲು ಹಾಕಿದ ಮೇಲೆ ಪುಟ್ಟಿಯ ಪುಸ್ತಕ ತೆಗೆಯತೊಡಗಿದೆ. ಎರಡು ಪದಗಳಿರುವ ಬೀಜೋಕ್ತಿಗೆ ದ್ವಿಪದೋಕ್ತಿ ಎಂದು ಹೆಸರು. ಎರಡು ದ್ವಿಪದೋಕ್ತಿಗಳನ್ನು ಗುಣಿಸುವುದು ಹೇಗೆ ಎಂದು ಪುಸ್ತಕದಲ್ಲಿ ಅರ್ಧ ಪುಟ ಬರೆದಿದ್ದರು. ನನಗೆ ಅದು ಹೊಳೆದದ್ದು ಬೀಗರ ಮನೆಯ ಲೆಕ್ಕದಲ್ಲಿ. ಗಂಡಿನ ಕಡೆಯಿಂದ ಇಬ್ಬರು ಬಂದಿದ್ದಾರೆ, ಹೆಣ್ಣಿನ ಕಡೆ ಇಬ್ಬರು ನಿಂತಿದ್ದಾರೆ ಎಂದುಕೊಳ್ಳಿ. ಈ ಕಡೆಯ ಒಬ್ಬೊಬ್ಬರೂ ಆ ಕಡೆಯ ಇಬ್ಬರನ್ನೂ ಮಾತಾಡಿಸಬೇಕು. ಒಟ್ಟು ನಾಲ್ಕು ಸಲ “ಚೆನ್ನಾಗಿದ್ದೀರಾ?” ಆಗಬೇಕು. ಯಜಮಾನರು ಯಜಮಾನರು ಮಾತಾಡಿಕೊಂಡು, ಹೆಂಗಸರು ಹೆಂಗಸರು ಮಾತಾಡಿಕೊಂಡು ಸುಮ್ಮನಾದರೆ ಎರಡು ಮಾತು ಬಾಕಿ. ಆ ಬಾಕಿ ಎಷ್ಟು ವರ್ಷವಾದರೂ ತೀರುವುದಿಲ್ಲವೆಂಬುದು ಮದುವೆ ಮಾಡಿದವರಿಗೆಲ್ಲ ಗೊತ್ತು! (ಎಕ್ಸ್ + 3)(ಎಕ್ಸ್ + 4) ಎಂದರೂ ಅಷ್ಟೇ. ಎಕ್ಸ್‌ಗೆ ಎಕ್ಸ್, ಎಕ್ಸ್‌ಗೆ ನಾಲ್ಕು, ಮೂರಕ್ಕೆ ಎಕ್ಸ್, ಮೂರಕ್ಕೆ ನಾಲ್ಕು. ಎಕ್ಸ್² + 4ಎಕ್ಸ್ + 3ಎಕ್ಸ್ + 12. ನಡುವಿನ ಎರಡನ್ನು ಕೂಡಿಸಿದರೆ 7ಎಕ್ಸ್.

ಎಕ್ಸ್² + 7ಎಕ್ಸ್ + 12! ನನ್ನ ಕೈಯಿಂದಲೇ ಅದು ಹುಟ್ಟಿ ಬಂದಾಗ ಪೆನ್ಸಿಲು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಖಾಲಿ ಬಿಟ್ಟು ಬಂದ ಬ್ರಾಕೆಟ್ಟುಗಳ ಒಳಗೆ ಇರಬೇಕಾಗಿದ್ದದ್ದು ಮೂರು ಮತ್ತು ನಾಲ್ಕು. ನಮ್ಮೂರ ಸಂತೆಯಲ್ಲಿ ನಿಂಬೆಹಣ್ಣು ಎಣಿಸುವ ಮುದುಕಿಗೂ ಗೊತ್ತಿರುವ ಮೂರು ಮತ್ತು ನಾಲ್ಕು.

ಗುಣಿಸುವುದು ಸುಲಭ, ಅಪವರ್ತಿಸುವುದು ಕಷ್ಟ ಎಂದು ಮಕ್ಕಳೆಲ್ಲ ಹೇಳುತ್ತಾರೆ. ನಿಜ. ಗುಣಿಸುವುದೆಂದರೆ ಅಡುಗೆ. ಬೇಳೆ, ಪುಡಿ, ಹುಣಿಸೆಹುಳಿ ಹಾಕುತ್ತ ಹೋದರೆ ಸಾರು ಆಗಿಯೇ ಆಗುತ್ತದೆ. ಅಪವರ್ತಿಸುವುದೆಂದರೆ ಮದುವೆಮನೆಯಲ್ಲಿ ಬಡಿಸಿದ ಸಾರನ್ನು ಬಾಯಿಗಿಟ್ಟು ಇದಕ್ಕೇನೇನು ಬಿದ್ದಿದೆ ಎಂದು ಹೇಳುವುದು. ನಮ್ಮತ್ತೆ ಇದರಲ್ಲಿ ಗಟ್ಟಿಗರು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ, “ಮೆಂತ್ಯ ಒಂದು ಚೂರು ಜಾಸ್ತಿ ಹುರಿದಿದ್ದಾರೆ, ಕೊನೇಲಿ ಬೆಲ್ಲ ಹಾಕಿ ಮುಚ್ಚಿದ್ದಾರೆ” ಎನ್ನುತ್ತಿದ್ದರು. ಹೇಗೆ ಗೊತ್ತಾಯಿತು ಎಂದರೆ, “ಮೆಂತ್ಯ ಇರಬಹುದು ಅನ್ಕೊಂಡೆ, ಇನ್ನೊಂದು ಗುಟುಕು ಕುಡಿದೆ, ಹೌದು ಅನ್ನಿಸ್ತು.” ಅಷ್ಟೇ ಉಪಾಯ. ಊಹಿಸಬೇಕು, ನೋಡಬೇಕು.

ಎಕ್ಸ್² + 7ಎಕ್ಸ್ + 12ರ ಉಪಾಯವೂ ಅದೇ. ಕೊನೆಯ 12 ಎರಡು ಸಂಖ್ಯೆಗಳ ಗುಣಲಬ್ಧ, ನಡುವಿನ 7 ಅದೇ ಎರಡರ ಮೊತ್ತ. 1 ಮತ್ತು 12 ಇರಬಹುದೇ? ಗುಣಿಸಿದರೆ ಸರಿ, ಕೂಡಿಸಿದರೆ 13. ಅಲ್ಲ. 2 ಮತ್ತು 6? ಕೂಡಿಸಿದರೆ 8. ಹತ್ತಿರ ಬಂತು, ಅಲ್ಲ. 3 ಮತ್ತು 4? ಏಳು. ಸಿಕ್ಕಿತು! ಎರಡು ಸಲ ತಪ್ಪಿದ ಮೇಲೆ ಮೂರನೆಯ ಸಲ ಸಿಕ್ಕಿದ್ದು ತಪ್ಪಲ್ಲ, ಅದೇ ದಾರಿ. ಇನ್ನೂ ದೊಡ್ಡ ಸಂಗತಿ ಯಾವುದೆಂದರೆ, ಸಿಕ್ಕಿದ್ದು ಸರಿಯೇ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಎರಡು ಬ್ರಾಕೆಟ್ಟುಗಳನ್ನು ಮತ್ತೆ ಗುಣಿಸಿ ನೋಡಿದರೆ ಮುಗಿಯಿತು. ಹೊರಟಲ್ಲಿಗೆ ವಾಪಸು ಬಂದರೆ ಸರಿ, ಬರದಿದ್ದರೆ ತಪ್ಪು. ಮೇಷ್ಟ್ರೂ ಬೇಡ, ಅಣ್ಣನ ಕೆಂಪು ಪೆನ್ನೂ ಬೇಡ. ಅಲ್ಲಿಯವರೆಗೆ ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಹೇಳಲು ಯಾವಾಗಲೂ ಇನ್ನೊಬ್ಬರು ಬೇಕಿತ್ತು. ಉಪ್ಪು ಸಾಕೇ ಎಂಬುದರಿಂದ ಹಿಡಿದು ಯಾವ ಸೀರೆ ಉಡಲಿ ಎಂಬುದರವರೆಗೆ. ನನ್ನ ಉತ್ತರವನ್ನು ನಾನೇ ಒಪ್ಪಬಹುದು, ನಾನೇ ತಳ್ಳಬಹುದು ಎಂಬುದು ನನಗೆ ಈ ಎರಡು ಬ್ರಾಕೆಟ್ಟುಗಳಿಂದ ತಿಳಿಯಿತು.

ಎಲ್ಲವೂ ಒಡೆಯುವುದಿಲ್ಲ ಎಂಬುದೂ ತಿಳಿಯಿತು. ಒಂದು ದಿನ ಎಕ್ಸ್² + 5ಎಕ್ಸ್ + 5 ಎಂದು ನಾವೇ ಬರೆದುಕೊಂಡು ಒಡೆಯಲು ಕೂತೆವು. ಐದು ಬರಬೇಕಾದರೆ ಒಂದು, ಐದು. ಕೂಡಿಸಿದರೆ ಆರು. ಬೇರೆ ಜೋಡಿಯೇ ಇಲ್ಲ. ಪೂರ್ಣಸಂಖ್ಯೆಗಳಲ್ಲಿ ಅದು ಒಡೆಯುವುದೇ ಇಲ್ಲ. ನಮ್ಮ ಕೈಯಲ್ಲಾಗಲಿಲ್ಲ ಎಂಬುದು ಬೇರೆ, ಅದು ಒಡೆಯುವುದಿಲ್ಲ ಎಂಬುದು ಬೇರೆ ಎಂದು ಪುಟ್ಟಿಗೆ ಹೇಳಿದೆ. ಹೇಳಿದ ಮೇಲೆ ನನಗೇ ಸಮಾಧಾನವಾಯಿತು.

ಆಗ ಶುರುವಾದ ಹುಚ್ಚು ಮುಂದೆ ನನ್ನನ್ನು ಊರಿನ ಗ್ರಂಥಾಲಯದವರೆಗೆ ಎಳೆದುಕೊಂಡು ಹೋಯಿತು. ಅಲ್ಲಿ ಕಾದಂಬರಿಗಳ ಬೀರು ದಾಟಿ ಆಚೆ ಹೋದ ಹೆಂಗಸು ನಾನೊಬ್ಬಳೇ ಎಂದು ಕಾಣುತ್ತದೆ. ನಮ್ಮ ಕನ್ನಡನಾಡನ್ನು ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಒಂದು ಸಂಖ್ಯೆಯನ್ನು ಭಾಗ ಮಾಡಿಕೊಂಡು ವರ್ಗ ಮಾಡುವಾಗ, ಭಾಗಗಳ ವರ್ಗಗಳ ಜೊತೆಗೆ ಅವುಗಳ ಗುಣಲಬ್ಧದ ಎರಡರಷ್ಟನ್ನೂ ಸೇರಿಸಬೇಕು ಎಂದು ಅದರಲ್ಲಿದೆ. ನಮ್ಮ ಇಪ್ಪತ್ತು ಚುಕ್ಕಿ ಸಾವಿರದ ನೂರು ವರ್ಷಕ್ಕೂ ಹಿಂದೆಯೇ ಲೆಕ್ಕಕ್ಕೆ ಸಿಕ್ಕಿತ್ತು! ಆ ಗ್ರಂಥವನ್ನು ಪದ್ಮಾವತಮ್ಮ ಎಂಬ ಗಣಿತದ ವಿದುಷಿ ಕನ್ನಡಕ್ಕೆ ತಂದಿದ್ದಾರೆ, 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರ ವಿಷಯವಂತೂ ಇನ್ನೂ ಸೊಗಸು. ಅವರ ‘ಬೀಜಗಣಿತ’ದಲ್ಲಿ ಎಕ್ಸ್, ವೈಗಳಿಲ್ಲ. ಗೊತ್ತಿಲ್ಲದ ಮೊದಲ ಸಂಖ್ಯೆಗೆ ‘ಯಾವತ್ತಾವತ್’, ಅಂದರೆ ಎಷ್ಟೋ ಅಷ್ಟು. ಎರಡನೆಯದಕ್ಕೆ ಕಾಲಕ, ಮೂರನೆಯದಕ್ಕೆ ನೀಲಕ, ಆಮೇಲೆ ಪೀತಕ, ಲೋಹಿತಕ. ಕಪ್ಪು, ನೀಲಿ, ಹಳದಿ, ಕೆಂಪು! ಸೀರೆ ಅಂಗಡಿಯಲ್ಲಿ ಬೀಜಗಣಿತ ಮಾಡಿದಂತೆ. ನನಗೆ ಎಕ್ಸ್ ಬದಲು ನೀಲಿ, ಹಳದಿ ಎಂದು ಹೇಳಿಕೊಟ್ಟಿದ್ದರೆ ನಾಲ್ಕು ಅಂಕ ಎಲ್ಲಿಗೆ ಹೋಗುತ್ತಿತ್ತು?

ಅವರದೇ ‘ಲೀಲಾವತಿ’ಯಲ್ಲಿ ಒಂದು ಉಪಾಯವಿದೆ. 97ರ ವರ್ಗ ಬೇಕೆನ್ನಿ. ಮೂರು ಕೂಡಿಸಿದರೆ 100, ಮೂರು ಕಳೆದರೆ 94. ಎರಡನ್ನೂ ಗುಣಿಸಿದರೆ 9400. ಅದಕ್ಕೆ ಮೂರರ ವರ್ಗ 9 ಸೇರಿಸಿದರೆ 9409. ಕಾಗದ ಬೇಡ, ಪೆನ್ಸಿಲ್ ಬೇಡ. ಎ² − ಬಿ² ಎಂದರೆ (ಎ + ಬಿ)(ಎ − ಬಿ) ಎಂದು ನಾವು ಭಜನೆ ಮಾಡುತ್ತಿದ್ದ ಸೂತ್ರವೇ ಇದು, ಕೆಲಸದ ಬಟ್ಟೆ ಹಾಕಿಕೊಂಡು ಬಂದಿದೆ. ಲೀಲಾವತಿ ಭಾಸ್ಕರರ ಮಗಳೆಂದೂ, ಮುಹೂರ್ತ ತಪ್ಪಿ ಮದುವೆ ನಿಂತಾಗ ಅವಳ ಸಮಾಧಾನಕ್ಕೆ ಈ ಪುಸ್ತಕ ಬರೆದರೆಂದೂ ಒಂದು ಕಥೆಯುಂಟು. ಕಥೆಯೇ ಇರಬಹುದು. ಆದರೂ ಓದಿದಾಗ ನನಗೆ ನಗು ಬಂತು. ಲೀಲಾವತಿಗೆ ಮದುವೆ ತಪ್ಪಿ ಗಣಿತ ಸಿಕ್ಕಿತು. ನನಗೆ ಗಣಿತ ತಪ್ಪಿ ಮದುವೆ ಸಿಕ್ಕಿತು.

ಇನ್ನು ಟ್ರಂಕಿನ ವಿಷಯ.

2001ರ ಫೆಬ್ರವರಿ. ಪುಟ್ಟಿ ಹತ್ತನೇ ತರಗತಿ. ಒಂದು ರಾತ್ರಿ ಅವಳ ಹಾಸಿಗೆ ಕೊಡವುವಾಗ ದಿಂಬಿನ ಚೀಲದೊಳಗಿನಿಂದ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ಉತ್ತರಪತ್ರಿಕೆ ಬಿತ್ತು. ನೂರಕ್ಕೆ 28. “ಪೇಪರು ಇನ್ನೂ ಕೊಟ್ಟಿಲ್ಲ” ಎಂದು ಅಂದು ಸಂಜೆಯಷ್ಟೇ ಅಪ್ಪನಿಗೆ ಹೇಳಿದ್ದಳು. ನಾನು ಅದನ್ನು ಇದ್ದ ಹಾಗೇ ಮಡಿಸಿ ದಿಂಬಿನೊಳಗಿಟ್ಟೆ. ಬೈಯಲು ಬಾಯಿ ಬರಲಿಲ್ಲ. ಹೇಗೆ ಬರಬೇಕು? ಬಚ್ಚಿಡುವುದನ್ನು ಅವಳು ಯಾರಿಂದ ಕಲಿತಳೋ ಎಂದು ಕೇಳುವ ಹಾಗಿರಲಿಲ್ಲ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಮಾರನೆಯ ದಿನ ಭಾನುವಾರ. ಆ ತಿಂಗಳು ದೇಶದಲ್ಲೆಲ್ಲ ಜನಗಣತಿ ನಡೆಯುತ್ತಿತ್ತಲ್ಲ, ನಮ್ಮ ಬೀದಿಗೂ ಒಬ್ಬ ಮೇಷ್ಟ್ರು ದೊಡ್ಡ ಹಾಳೆಗಳನ್ನು ಹಿಡಿದು ಬಂದರು. ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ ಕಾಫಿ ಕೊಟ್ಟೆ. ನಮ್ಮವರು ಒಂದೊಂದೇ ಹೇಳುತ್ತ ಹೋದರು. ಮನೆಯಲ್ಲಿ ಎಷ್ಟು ಜನ, ವಯಸ್ಸೆಷ್ಟು, ಭಾಷೆ ಯಾವುದು. ಪುಟ್ಟಿ ಕಂಬಕ್ಕೆ ಒರಗಿ ನಿಂತಿದ್ದಳು. ನಾನು ಬಾಗಿಲ ಸಂದಿಯಲ್ಲಿ.

“ಮನೆಯವರ ವಿದ್ಯಾಭ್ಯಾಸ?”

“ಎಸ್ಸೆಸ್ಸೆಲ್ಸಿ ಪಾಸು ಅಂತ ಬರ್ಕೊಳಿ” ಎಂದರು ನಮ್ಮವರು.

ಮೇಷ್ಟ್ರ ಪೆನ್ನು ಹಾಳೆಗೆ ತಗಲುವುದರೊಳಗೆ ನನ್ನ ಬಾಯಿಂದ ಮಾತು ಬಂದುಬಿಟ್ಟಿತ್ತು. “ಪಾಸು ಅಂತ ಬರೀಬೇಡಿ ಮೇಷ್ಟ್ರೇ. ಫೇಲು. ಗಣಿತದಲ್ಲಿ ಮೂವತ್ತೊಂದು.”

ಜಗಲಿಯ ಮೇಲೆ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಮೇಷ್ಟ್ರು ಒಳ್ಳೆಯವರು, ತಲೆ ಎತ್ತದೆ, “ಆಗಲಿ ತಾಯಿ, ಸರಿಯಾಗಿ ಬರೆದ್ಕೊಳ್ತೀನಿ” ಎಂದರು. ನಮ್ಮವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಅದರಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ದಿನಾ ಓಡಾಡುವ ದಾರಿಯಲ್ಲಿ ಗುಂಡಿ ಸಿಕ್ಕಿದವರ ಗಾಬರಿ ಇತ್ತು.

ಮೇಷ್ಟ್ರು ಎದ್ದುಹೋದ ಮೇಲೆ ಮೊದಲು ಮಾತಾಡಿದ್ದು ಅತ್ತೆ, ಒಳಗಿನಿಂದ. “ನನಗೆ ಗೊತ್ತಿತ್ತು.”

“ನಿಮಗೆ ಹೇಗೆ ಗೊತ್ತಮ್ಮ?” ಎಂದರು ಇವರು.

“ಮದುವೆಯಾದ ವರ್ಷವೇ ಇವಳ ರೇಷ್ಮೆ ಸೀರೆ ಬಿಸಿಲಿಗೆ ಹಾಕೋಕ್ಕೆ ತೆಗೆದಾಗ ಕಂಡಿತ್ತು. ಓದೋಕೆ ಬರದಿದ್ರೇನು, ಅಂಕಿ ಗೊತ್ತಾಗಲ್ವಾ? ಕೆಂಪು ಸುತ್ತು ಯಾರೂ ಒಳ್ಳೇದಕ್ಕೆ ಹಾಕಲ್ಲ. ಹೇಳೋ ಹೊತ್ತಿಗೆ ಅವಳೇ ಹೇಳ್ತಾಳೆ ಅಂತ ಸುಮ್ಮನಿದ್ದೆ. ಹದಿನೆಂಟು ವರ್ಷ ಹಿಡೀತು.”

ಅಂದು ನಡುವಿನ ಇಪ್ಪತ್ತು ಚುಕ್ಕಿ ಎಲ್ಲಿ ಎಂದು ಕೇಳಿದ್ದವರು ಇವರೇ ಅಲ್ಲವೇ! ಬಿಟ್ಟುಬಿಟ್ಟ ಪದ ಎಲ್ಲಿಗೂ ಹೋಗಿರುವುದಿಲ್ಲ, ಎಣಿಸುವವರಿಗೆ ಕಾಣುತ್ತಲೇ ಇರುತ್ತದೆ.

ನಮ್ಮವರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ, “ಫೇಲಾಗಿದ್ದಕ್ಕಲ್ಲ, ನನಗೆ ಹೇಳಬಹುದಿತ್ತು” ಎಂದರು. ಹೌದು ಎಂದೆ. ಅದಕ್ಕಿಂತ ಹೆಚ್ಚಿಗೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಆ ಮಾತು ಅವರಿಗೆ ನೋವಾಗದೆ ಮುಗಿಯಿತು ಎಂದೇನೂ ನಾನು ಹೇಳುವುದಿಲ್ಲ. ಎಷ್ಟೋ ದಿನ ಹಿಡಿಯಿತು.

ಆದರೆ ಆ ಭಾನುವಾರ ಸಂಜೆಯೇ, ನಾನು ದೇವರ ದೀಪ ಹಚ್ಚುತ್ತಿದ್ದಾಗ, ಪುಟ್ಟಿ ಬಂದು ಪಕ್ಕದಲ್ಲಿ ನಿಂತಳು. ಕೈಯಲ್ಲಿ ಮಡಿಸಿದ ಉತ್ತರಪತ್ರಿಕೆ ಇತ್ತು. “ಇಪ್ಪತ್ತೆಂಟು ಅಮ್ಮ. ನಿನಗಿಂತ ಮೂರು ಕಮ್ಮಿ.” ಇಬ್ಬರಿಗೂ ನಗು ಬಂತು, ಆಮೇಲೆ ಅಳು ಬಂತು.

ಪೇಪರು ಹರಡಿಕೊಂಡು ಕೂತೆವು. ಎಕ್ಸ್² − ಎಕ್ಸ್ − 12 ಅಪವರ್ತಿಸಲು ಕೊಟ್ಟಿದ್ದರು. ಅವಳು (ಎಕ್ಸ್ + 4)(ಎಕ್ಸ್ − 3) ಎಂದು ಬರೆದಿದ್ದಳು. “ಗುಣಿಸಿ ನೋಡಿದ್ಯಾ?” ಎಂದೆ. “ಇಲ್ಲ, ಟೈಮಾಗುತ್ತೆ ಅಂತ ಹೆದರಿಕೆಯಾಯ್ತು.” ಗುಣಿಸಿಸಿದೆ. ನಡುವೆ −3ಎಕ್ಸ್, +4ಎಕ್ಸ್, ಕೂಡಿದರೆ +ಎಕ್ಸ್. ಬೇಕಾದದ್ದು −ಎಕ್ಸ್. ಚಿಹ್ನೆ ಅದಲು ಬದಲಾಗಿತ್ತು, ಅಷ್ಟೇ. (ಎಕ್ಸ್ − 4)(ಎಕ್ಸ್ + 3). ಸಂಖ್ಯೆಗಳು ಸರಿಯಾಗಿಯೇ ಸಿಕ್ಕಿದ್ದವು, ವಾಪಸು ಹೋಗಿ ನೋಡುವ ಧೈರ್ಯ ಸಿಕ್ಕಿರಲಿಲ್ಲ. ಅವಳ ಹತ್ತು ತಪ್ಪುಗಳಲ್ಲಿ ಆರು ಇಂಥವೇ. ಪರೀಕ್ಷೆಗೆ ಇನ್ನು ಉಳಿದಿದ್ದ ದಿನಗಳಲ್ಲಿ ನಾನು ಅವಳಿಗೆ ಹೊಸದೇನೂ ಹೇಳಿಕೊಡಲಿಲ್ಲ. ಉತ್ತರ ಬಂದ ಮೇಲೆ ಒಂದು ಸಲ ಗುಣಿಸಿ ನೋಡು ಎಂದಷ್ಟೇ ಪಕ್ಕದಲ್ಲಿ ಕೂತು ಹೇಳುತ್ತಿದ್ದೆ. ಗಣಿತಕ್ಕೆ 61 ಬಂತು. ಪತ್ರಿಕೆಯಲ್ಲಿ ಫೋಟೋ ಬರುವಂಥ ಅಂಕವೇನಲ್ಲ. ನಾನು ಓಣಿಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದೆ.

ನೀವು ಮತ್ತೆ ಪರೀಕ್ಷೆ ಕಟ್ಟಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇಲ್ಲ, ಕಟ್ಟಲಿಲ್ಲ. ನನ್ನ ಅಂಕಪಟ್ಟಿಯಲ್ಲಿ ಈಗಲೂ 31 ಇದೆ. ಆದರೆ 2004ರಲ್ಲಿ ಮನೆಗೆ ಒಂದು ಕೋಣೆ ಸೇರಿಸಿದೆವು. ಹತ್ತು ಅಡಿಗೆ ಹತ್ತು ಅಡಿ ಎಂದಿದ್ದನ್ನು ಎರಡು ಕಡೆಗೂ ಒಂದೊಂದು ಅಡಿ ಹೆಚ್ಚಿಸಿದರು. ನೂರು ಟೈಲ್ಸ್ ತಂದಾಗಿತ್ತು, ಒಂದೊಂದು ಅಡಿಯ ಚೌಕ. “ಒಂದೊಂದು ಅಡಿ ತಾನೆ, ಇನ್ನು ಹತ್ತೋ ಹನ್ನೆರಡೋ ತಂದ್ರೆ ಸಾಕು” ಎಂದ ಮೇಸ್ತ್ರಿ. ಅಡುಗೆಮನೆಯಿಂದಲೇ, “ಇಪ್ಪತ್ತೊಂದು ಬೇಕಪ್ಪ” ಎಂದೆ. ಆ ಮಗ್ಗುಲು ಹತ್ತು, ಈ ಮಗ್ಗುಲು ಹತ್ತು, ಮೂಲೆಯಲ್ಲಿ ಒಂದು. ನಮ್ಮವರು ಕಾಗದ ಪೆನ್ನು ತೆಗೆದುಕೊಂಡು ಹನ್ನೊಂದು ಹನ್ನೊಂದಲ ಮಾಡಿ, ನೂರ ಇಪ್ಪತ್ತೊಂದರಲ್ಲಿ ನೂರು ಕಳೆದು, ನನ್ನ ಕಡೆ ನೋಡಿ ಏನೂ ಹೇಳದೆ ಪೆನ್ನನ್ನು ಜೇಬಿಗೆ ಹಾಕಿಕೊಂಡರು. ನನ್ನ ಮಟ್ಟಿಗೆ ಆ ನಾಲ್ಕು ಅಂಕ ಅವತ್ತೇ ಬಂತು.

ಅತ್ತೆ ಈಗಿಲ್ಲ. ಪುಟ್ಟಿ ಬೆಂಗಳೂರಿನಲ್ಲಿದ್ದಾಳೆ, ಅವಳ ಮಗಳಿಗೆ ಈಗ ಎಂಟನೇ ತರಗತಿ. ಹೋದ ತಿಂಗಳು ಅವರ ಮನೆಗೆ ಹೋಗಿದ್ದಾಗ ಆ ಮಗು ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ಬಂದು, “ಅಜ್ಜಿ, ವರ್ಗ ಮಾಡುವಾಗ ಮಧ್ಯದಲ್ಲಿ ಇದೊಂದು ಎಲ್ಲಿಂದ ಬರುತ್ತೆ?” ಎಂದಿತು. ಒಲೆಯ ಮೇಲೆ ನಿಜವಾಗಿಯೂ ಹಾಲಿತ್ತು. ಒಲೆ ಆರಿಸಿದೆ. ನಾಲ್ಕನೇ ಮಹಡಿಯ ಮನೆ, ಅಂಗಳವಿಲ್ಲ, ಸಗಣಿನೀರಿಲ್ಲ. ಬಾಲ್ಕನಿಯ ನೆಲ ಒರೆಸಿ, ರಂಗೋಲಿ ಡಬ್ಬಿ ತರಿಸಿ, ಮೊಣಕಾಲು ನೋಯುತ್ತಿದ್ದರೂ ಕುಕ್ಕರುಗಾಲಿನಲ್ಲಿ ಕೂತೆ.

“ಏಳು ಚುಕ್ಕಿ, ಏಳು ಸಾಲು ಇಡು ಮಗು” ಎಂದೆ. “ಒಂದೂ ಬಿಡಬೇಡ.”